ಉಡಿದಾರದ ಅಳತೆ

ಬೆಳ್ಳಿ ಕಪ್ಪಾದರೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರ ಹೇಳುವುದಿಲ್ಲ. ಯಾರ ಬೆಳ್ಳಿ, ಮೈಮೇಲೆ ಎಲ್ಲಿ ತೊಡುವುದು, ಎಷ್ಟು ದಿನದಿಂದ ತೊಟ್ಟಿದ್ದಾರೆ, ಬಿಗಿಯಾಗಿದೆಯೇ ಎಂದು ಮೊದಲು ನಾನೇ ಕೇಳುತ್ತೇನೆ. ಕೇಳಿದವರಿಗೆ ಬೇಕಾಗಿರುವುದು ಯಾವುದೋ ಒಂದು ಪುಡಿಯ ಹೆಸರು. ನಾನು ಪಂಚನಾಮೆ ಬರೆಯಲು ಕೂತವನ ಹಾಗೆ ಆಡುತ್ತೇನೆ.

ಹೋದ ಭಾನುವಾರವೂ ಹೀಗೇ ಆಯಿತು. ಊಟಕ್ಕೆ ಬಂದಿದ್ದ ಸಹೋದ್ಯೋಗಿಯ ಹೆಂಡತಿ, ಬೆಂಗಳೂರಿನಿಂದ ಸ್ವೀಡನ್ನಿನ ಲುಂಡ್‌ಗೆ ಬಂದು ಇನ್ನೂ ಎರಡು ತಿಂಗಳಾಗದ ಹುಡುಗಿ, ತನ್ನ ಕಾಲುಚೈನು ಬಿಚ್ಚಿ ಅಂಗೈಯಲ್ಲಿ ಹಿಡಿದು, "ನೋಡಿ ಸಾರ್, ಇಲ್ಲಿಗೆ ಬಂದ್ಮೇಲೆ ಹೇಗ್ ಕಪ್ಪಾಗಿದೆ! ಇಲ್ಲಿ ನೀರೇ ಸರಿಯಿಲ್ವೇನೋ" ಎಂದಳು. ನನ್ನ ಹೆಂಡತಿ ಸುಮ ಅಡುಗೆಮನೆಯಿಂದಲೇ, "ಅವರನ್ನ ಮಾತ್ರ ಕೇಳ್ಬೇಡಮ್ಮ, ಊಟ ತಣ್ಣಗಾಗುತ್ತೆ" ಎಂದು ಎಚ್ಚರಿಸಿದಳು. ಅಷ್ಟರಲ್ಲಿ ನಾನು ಎದ್ದು ಹೋಗಿ, ಡ್ರಾಯರಿನ ಹಿಂಬದಿಯಲ್ಲಿದ್ದ ಕ್ಯಾಮೆರಾ ರೀಲಿನ ಪುಟ್ಟ ಡಬ್ಬಿಯನ್ನು ತಂದಾಗಿತ್ತು. ಮುಚ್ಚಳ ತೆಗೆದು ಬಗ್ಗಿಸಿದರೆ ಒಂದು ಬೆಳ್ಳಿ ಉಡಿದಾರ ಮೇಜಿನ ಮೇಲೆ ಜಾರಿತು. ಉರಿದು ಆರಿದ ಬತ್ತಿಯ ಬಣ್ಣ. ಕೊಕ್ಕೆಯ ಪಕ್ಕದಲ್ಲಿ ಕತ್ತರಿಸಿದ ತುದಿ.

"ಅಯ್ಯೋ, ಇದನ್ಯಾಕೆ ಹೀಗೆ ಬಿಟ್ಟಿದೀರ? ಪಾಲಿಶ್ ಮಾಡ್ಸಿಲ್ವಾ?"

ಊಟ ನಿಜಕ್ಕೂ ತಣ್ಣಗಾಯಿತು. ಅವಳಿಗೆ ಅರ್ಧ ಹೇಳಿದೆ. ನಿಮಗೆ ಪೂರ್ತಿ ಹೇಳುತ್ತೇನೆ. ನಿಮ್ಮ ಮುಂದೆ ತಟ್ಟೆಯಿಲ್ಲ ಎಂದುಕೊಂಡಿದ್ದೇನೆ.

ಅರಸೀಕೆರೆಯ ನಮ್ಮ ಮನೆಯಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ಔಷಧವಿತ್ತು. ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ, ಬಂಗಾರಕ್ಕೆ ಅಂಟುವಾಳದ ನೊರೆ. ಇದರಲ್ಲಿ ಅಮ್ಮ ಯಾವ ರಾಜಿಗೂ ಒಪ್ಪುತ್ತಿರಲಿಲ್ಲ. ಒಂದು ಹಬ್ಬದ ಹಿಂದಿನ ದಿನ ಸಹಾಯ ಮಾಡುವ ಹುರುಪಿನಲ್ಲಿ ನಾನು ಬೆಳ್ಳಿಯ ಕುಂಕುಮದ ಬಟ್ಟಲಿಗೆ ಹಲ್ಲುಪುಡಿ ಹಾಕಿ, ಹಳೆಯ ಬ್ರಷ್ಷಿನಿಂದ ಕೈ ಸೋಲುವವರೆಗೆ ತಿಕ್ಕಿದೆ. ಬಟ್ಟಲು ಕನ್ನಡಿಯ ಹಾಗೆ ಹೊಳೆಯಿತು. ಆದರೆ ಅದರ ಮೇಲೆ ಕೆತ್ತಿದ್ದ ನವಿಲಿನ ಗರಿಗಳು ಸವೆದು ಹೋಗಿದ್ದವು. "ನವಿಲನ್ನ ಕೋಳಿ ಮಾಡಿ ಕೂರಿಸಿದ್ಯಲ್ಲೋ!" ಎಂದು ಅಮ್ಮ ಹಣೆ ಚಚ್ಚಿಕೊಂಡರು. ನಮ್ಮ ಮನೆಯಲ್ಲಿ ಅದು ಈಗಲೂ ಕೋಳಿಬಟ್ಟಲು. ಹೊಳೆಯುವುದೆಲ್ಲ ಏನನ್ನೋ ಕಳೆದುಕೊಂಡೇ ಹೊಳೆಯುತ್ತದೆ ಎನ್ನುವ ಅನುಮಾನ ನನಗೆ ಆಗ ಶುರುವಾದದ್ದು ಇನ್ನೂ ಹೋಗಿಲ್ಲ.

ಉಡಿದಾರ ನಮಗೆಲ್ಲ ಇತ್ತು. ನನ್ನದು ಕೆಂಪು ದಾರದ್ದು. ತೊಟ್ಟಿಲಿನಲ್ಲಿದ್ದಾಗ ಬೆಳ್ಳಿಯದೂ ಇತ್ತಂತೆ. ನಮ್ಮ ಬೀದಿಯ ಮಕ್ಕಳು ಬಾವಿಕಟ್ಟೆಯ ಹತ್ತಿರ ಸಾಲಾಗಿ ಸ್ನಾನಕ್ಕೆ ನಿಂತರೆ ಪ್ರತಿಯೊಬ್ಬರ ಸೊಂಟದ ಸುತ್ತಲೂ ಒಂದು ಕಪ್ಪು ಗೆರೆ ಕಾಣುತ್ತಿತ್ತು, ಭೂಗೋಳದ ಪುಸ್ತಕದಲ್ಲಿ ಗೋಳದ ನಡುವೆ ಎಳೆದಿರುತ್ತಿದ್ದ ಗೆರೆಯ ಹಾಗೆ. ಆ ಗೆರೆ ಮನುಷ್ಯನಿಗೆ ಹುಟ್ಟಿನಿಂದಲೇ ಬರುತ್ತದೆ, ಹೊಕ್ಕುಳಿನ ಹಾಗೆ, ಎಂದು ನಾನು ಬಹಳ ದಿನ ನಂಬಿದ್ದೆ. ಈ ಮಾತನ್ನು ನಗಿಸಲು ಬರೆಯುತ್ತಿಲ್ಲ. ಮುಂದೆ ನಾನು ಮಾಡಿದ ತಪ್ಪಿನ ಬೇರು ಇದೇ ಎಂದು ನನಗೆ ತೋರುತ್ತದೆ.

ಅಳತೆಯ ವಿಷಯಕ್ಕೆ ಬರುವ ಮೊದಲು ನನ್ನ ಉಂಗುರದ ಮಾತನ್ನೂ ಹೇಳಿಬಿಡಬೇಕು. ಮದುವೆಯ ಉಂಗುರಕ್ಕೆ ನನ್ನ ಬೆರಳಿನ ಅಳತೆ ತೆಗೆದದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ. ಲುಂಡ್‌ನ ಮೊದಲ ಚಳಿಗಾಲದಲ್ಲಿ ಬೆರಳು ಸೊರಗಿ ಉಂಗುರ ಕಾಣೆಯಾಯಿತು. ಸೈಕಲ್ ನಿಲ್ಲಿಸುವ ಜಾಗದಲ್ಲಿ, ಆಫೀಸಿನ ಕೈತೊಳೆಯುವ ತೊಟ್ಟಿಯಲ್ಲಿ ಎರಡು ದಿನ ಹುಡುಕಿದ ಮೇಲೆ ಅದು ನನ್ನ ಉಣ್ಣೆಯ ಕೈಗವಸಿನೊಳಗೇ ಸಿಕ್ಕಿತು. ಆಮೇಲೆ ಒಂದು ವಾರ ಬೆಳಿಗ್ಗೆ ಸಂಜೆ ಬೆರಳಿಗೆ ದಾರ ಸುತ್ತಿ ಅಳೆದು ಪಟ್ಟಿ ಮಾಡಿದೆ. ಬೆಳಗಿನ ಬೆರಳು ಬೇರೆ, ಸಂಜೆಯ ಬೆರಳು ಬೇರೆ. ಚಳಿಯಲ್ಲಿ ನಡೆದು ಬಂದ ಬೆರಳು ಮೂರನೆಯದು. ನಾನು ಮೊಬೈಲು ಫೋನು ತಯಾರಿಸುವ ಕಂಪನಿಯೊಂದರಲ್ಲಿ ಪರೀಕ್ಷಕ. ಫೋನನ್ನು ಬೀಳಿಸಿ, ನೆನೆಸಿ, ಬಿಸಿ ಮಾಡಿ, ಆದದ್ದನ್ನು ಆದ ಹಾಗೆ ಬರೆಯುವುದು ನನ್ನ ಕೆಲಸ. "ಬೆರಳಿಗೂ ಟೆಸ್ಟ್ ರಿಪೋರ್ಟಾ?" ಎಂದು ಸುಮ ನಕ್ಕಳು. ಕೊನೆಗೆ ಉಂಗುರದ ಒಳಬದಿಗೆ ದಾರ ಸುತ್ತಿಕೊಂಡೆ. ಹೀಗೆ, ಮೈಗೆ ಒಂದೇ ಅಳತೆ ಇರುವುದಿಲ್ಲ ಎಂದು ಅಂಕಿಅಂಶದ ಸಮೇತ ತಿಳಿದುಕೊಂಡಿದ್ದ ಮನುಷ್ಯ ನಾನು.

ಅದು ಎರಡು ಸಾವಿರದ ಐದನೆಯ ಇಸವಿಯ ಡಿಸೆಂಬರ್. ನಮ್ಮ ಮಗಳು ಇಂಚರಳಿಗೆ ಎರಡೂವರೆ ವರ್ಷ. ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಮೊಮ್ಮಗಳ ಸೊಂಟ ಬರಿದಾಗಿದೆ ಎಂಬ ಚಿಂತೆ. ಬೆಂಗಳೂರಿಗೆ ರಜೆಗೆ ಹೋಗಿದ್ದ ಸಹೋದ್ಯೋಗಿ ಜನವರಿಯಲ್ಲಿ ಮರಳುವವನಿದ್ದ. ಬೆಳ್ಳಿ ಉಡಿದಾರ ಮಾಡಿಸಿ ಅವನ ಕೈಯಲ್ಲಿ ಕಳಿಸುವುದೆಂದು ತೀರ್ಮಾನವಾಯಿತು.

"ಸೊಂಟದ ಅಳತೆ ಹೇಳೋ" ಎಂದರು ಅಮ್ಮ ಫೋನಿನಲ್ಲಿ.

ಕೈಗೆ ಸಿಕ್ಕ ಮಗುವಿನ ಪ್ಯಾಂಟಿನ ಚೀಟಿ ನೋಡಿ ಓದಿದೆ. "ತೊಂಬತ್ತೆರಡು ಅಂತ ಇದೆಯಮ್ಮ."

"ತೊಂಬತ್ತೆರಡಾ! ಮಗುನೇನೋ ಅದು, ರಾಗಿ ಕಣಜಾನಾ?"

ಇಲ್ಲಿ ಮಕ್ಕಳ ಬಟ್ಟೆಯ ಮೇಲೆ ಬರೆಯುವುದು ಮಗುವಿನ ಎತ್ತರ. ಅದನ್ನು ಅಮ್ಮನಿಗೆ ವಿವರಿಸುವಷ್ಟರಲ್ಲಿ ಫೋನ್ ಕಾರ್ಡು ಮುಗಿಯಿತು. ಮರುದಿನ ಬೆಳಿಗ್ಗೆ ಇಂಚರಳನ್ನು ಹಾಲು ಕುಡಿಯುವ ಮೊದಲೇ ನಿಲ್ಲಿಸಿ, ದಾರ ಸುತ್ತಿ, ದಾರವನ್ನು ಉಕ್ಕಿನ ಅಳತೆಪಟ್ಟಿಯ ಮೇಲೆ ಮಲಗಿಸಿ ಮೂರು ಸಲ ಅಳೆದೆ. ಮೂರು ಸಲವೂ ನಲವತ್ತೆಂಟೂವರೆ ಸೆಂಟಿಮೀಟರ್. ಮೂರು ಸಲ ಒಂದೇ ಉತ್ತರ ಬಂದಾಗ ಪರೀಕ್ಷಕನಿಗೆ ಆಗುವ ಸಂತೋಷವನ್ನು ನಿಮಗೆ ಹೇಗೆ ಹೇಳಲಿ!

"ಎರಡು ಬೆರಳು ಬಿಟ್ಟು ಅಳೆದ್ಯಾ?" ಎಂದರು ಅಮ್ಮ.

"ಕರೆಕ್ಟಾಗಿ ಅಳೆದಿದೀನಿ. ಅಕ್ಕಸಾಲಿಗೆ ಹೇಳು, ಏನೂ ಸೇರಿಸೋದು ಬೇಡ."

"ಬೆಳೆಯೋ ಮಗು ಕಣೋ. ಕೊಕ್ಕೆ ಮುಂದೆ ನಾಲ್ಕು ಕೊಂಡಿ ಜಾಸ್ತಿ ಹಾಕಿಸ್ತೀನಿ."

"ಬೇಡಮ್ಮ. ಜೋತಾಡಿದ್ರೆ ಜಾರುಬಂಡೀಲಿ ಸಿಕ್ಕಾಕ್ಕೊಳುತ್ತೆ. ಇಲ್ಲಿ ಡಾಗಿಸಲ್ಲಿ ಟೋಪಿ ದಾರಾನೂ ಬಿಡಲ್ಲ, ಕತ್ತರಿಸಿಬಿಡಿ ಅಂತಾರೆ."

ಡಾಗಿಸ್ ಎಂದರೆ ನಾವು ಕೆಲಸಕ್ಕೆ ಹೋಗುವಾಗ ಮಗುವನ್ನು ಬಿಟ್ಟು ಹೋಗುವ ಶಿಶುವಿಹಾರ. ಅಮ್ಮ, "ಆಯ್ತಪ್ಪ, ಓದಿದೋನು ನೀನು" ಎಂದರು.

ಉಡಿದಾರ ಬಂತು. ಸಣ್ಣ ಎಳೆಯ, ಒಳ್ಳೆಯ ಕೆಲಸದ ಉಡಿದಾರ. ಇಂಚರಳಿಗೆ ತೊಡಿಸಿದಾಗ ಸರಿಯಾಗಿ ಕೂತಿತು, ನಾನು ಅಳೆದ ಹಾಗೇ. ಅವಳು ಕೊಕ್ಕೆ ಬಿಚ್ಚಿ ಬಾಯಿಗೆ ಹಾಕಿಕೊಂಡರೆ ಎಂಬ ಭಯಕ್ಕೆ ಇಕ್ಕಳ ತಂದು ಕೊಕ್ಕೆಯ ಬಾಯಿಯನ್ನು ಒತ್ತಿ ಮುಚ್ಚಿಬಿಟ್ಟೆ. ಸಂಜೆ ಸ್ನಾನ ಮಾಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಮೈ ಒರೆಸಿ, ಬೆಂಗಳೂರಿನಿಂದ ತರಿಸಿದ ಪೌಡರನ್ನು ಕುತ್ತಿಗೆಗೆ, ಕಂಕುಳಿಗೆ, ಸೊಂಟಕ್ಕೆ ಧಾರಾಳವಾಗಿ ಹಾಕುತ್ತಿದ್ದೆ. ಕೆಲವು ದಿನಗಳಲ್ಲಿ ಸೊಂಟದ ಸುತ್ತ ಕಪ್ಪು ಗೆರೆ ಮೂಡಿತು. ನೋಡಿದೆ. ನೋಡಿ ಪೌಡರ್ ಹಾಕಿ ಅಂಗಿ ತೊಡಿಸಿದೆ.

ಸುಮಾರು ಮೂರು ವಾರಗಳಾದ ಮೇಲೆ, ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಇಂಚರ ಡಾಗಿಸಿನ ಅಂಗಳದಲ್ಲಿ ಕರಗಿದ ಹಿಮದ ಗುಂಡಿಗೆ ಬಿದ್ದು ಒಳಂಗಿಯವರೆಗೂ ತೊಯ್ದಳು. ಬಟ್ಟೆಯೆಲ್ಲ ಬದಲಿಸಿದವರು ಬಿರ್ಗಿತ್ತಾ. ಬೂದುಗೂದಲಿನ, ಎತ್ತರದ ಹೆಂಗಸು. ಇಂಚರ ಮೊದಲ ದಿನ ಅತ್ತಾಗ ಎತ್ತಿಕೊಂಡು ಇಡೀ ಬೆಳಿಗ್ಗೆ ಕೆಳಗಿಳಿಸದೆ ಓಡಾಡಿದವರು. ನಾನು ಮಗಳನ್ನು ಕರೆದುಕೊಳ್ಳಲು ಹೋದಾಗ ಅವರು ನನ್ನನ್ನು ಕೋಟುಗಳ ಪಕ್ಕದ ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿದರು. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತನಾಡಿದರು.

"ಇಂಚರಳ ಸೊಂಟದ ಸುತ್ತ ಗೆರೆ ಇದೆ. ಪೂರ್ತಿ ಸುತ್ತು. ಮೇಲೆ ಕಪ್ಪು, ಕೆಳಗೆ ಕೆಂಪು. ಒಂದು ಸರಪಳಿ ಇದೆ. ನಾನು ಬಿಚ್ಚಲು ನೋಡಿದೆ, ಬಿಚ್ಚಲು ಆಗದ ಹಾಗೆ ಅದನ್ನು ಯಾರೋ ಮುಚ್ಚಿದ್ದಾರೆ."

ನಾನು ನಕ್ಕೆ. ಇದನ್ನು ಬರೆಯಲೇಬೇಕು. "ಓ, ಅದಾ! ಅದು ಒಡವೆ" ಎಂದು ನಕ್ಕೆ. ಅವರು ನಗಲಿಲ್ಲ. ನನ್ನ ನಗೆ ಆ ಸಣ್ಣ ಕೋಣೆಯಲ್ಲಿ ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು.

"ನಾನು ವರದಿ ಮಾಡಬೇಕು. ಅದು ಕಾನೂನು. ಮಾಡಿದ್ದೇನೆ. ನಿಮ್ಮ ಬೆನ್ನ ಹಿಂದೆ ಇರಬಾರದು ಎಂದು ಹೇಳುತ್ತಿದ್ದೇನೆ."

ಆ ವರದಿಯ ಹೆಸರನ್ನು ಚೀಟಿಯ ಮೇಲೆ ಬರೆದುಕೊಟ್ಟರು. ಮನೆಗೆ ಬಂದು ನಿಘಂಟು ತೆಗೆದೆ. ಉದ್ದ ಪದದ ಮೊದಲ ತುಂಡು 'ಊರೂ'. ಕಳವಳ, ತಳಮಳ, ಕೂತಲ್ಲಿ ಕೂರಲಾರದಿರುವುದು ಎಂದೆಲ್ಲ ಅರ್ಥವಿತ್ತು. ಎರಡನೆಯ ತುಂಡಿಗೆ ವರದಿ. ಕೊಮ್ಯೂನ್ ಕಚೇರಿಗೆ, ಅಂದರೆ ಇಲ್ಲಿನ ನಗರಸಭೆಗೆ, ಹೋಗಿರುವುದು ಕಳವಳದ ವರದಿ. 

ಇಕ್ಕಳದಿಂದ ಉಡಿದಾರವನ್ನು ಕತ್ತರಿಸಿದೆ. ಬೆಳ್ಳಿ ಕಳಚಿದ ಮೇಲೂ ಗೆರೆ ಅಲ್ಲೇ ಇತ್ತು. ಸುಮ ಬಗ್ಗಿ ನೋಡಿದಳು. ಅವಳು ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಸುಲಭಕ್ಕೆ ಗಾಬರಿಯಾಗುವವಳಲ್ಲ.

"ಯಾರಾದ್ರೂ ನೋಡಿದ್ರೆ ಮಗೂನ ಕಟ್ಟಿಹಾಕಿದ್ರು ಅಂತಾನೇ ಅನ್ಕೋತಾರೆ ರೀ."

"ಉಡಿದಾರದ ಗೆರೆ ಕಣೇ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ದಿನಾ ಸ್ನಾನ ಮಾಡ್ಸೋರು ನೀವು. ನೋಡ್ಲಿಲ್ವಾ?"

"ನೋಡಿದೆ."

"ನೋಡಿ?"

 ಇಂಚರ ತನ್ನ ಹೊಟ್ಟೆಯನ್ನು ತಾನೇ ಬಗ್ಗಿ ನೋಡಿಕೊಂಡು, ನಮ್ಮಿಬ್ಬರನ್ನೂ ನೋಡಿ, ಇದು ಹೊಸ ಆಟವೆಂದು ನಕ್ಕಳು.

ನಮ್ಮವರ ನಡುವೆ ಒಂದು ಕಥೆ ಓಡಾಡುತ್ತದೆ. ಯಾವುದೋ ಊರಿನಲ್ಲಿ, ಯಾರದೋ ಮಗುವನ್ನು, ಯಾವುದೋ ತಪ್ಪು ತಿಳಿವಳಿಕೆಯಿಂದ ಸರ್ಕಾರದವರು ಕರೆದುಕೊಂಡು ಹೋದರು ಎಂದು. ಹೇಳುವವರಿಗೆ ಊರಿನ ಹೆಸರಾಗಲಿ ಮಗುವಿನ ಹೆಸರಾಗಲಿ ಗೊತ್ತಿರುವುದಿಲ್ಲ. ಅಂಥ ಕಥೆಗಳನ್ನು ನಂಬುವವರನ್ನು ನಾನು ಎಷ್ಟೋ ಸಲ ಗೇಲಿ ಮಾಡಿದ್ದೆ. ಆ ಗುರುವಾರದಿಂದ ಮುಂದಿನ ಮಂಗಳವಾರದವರೆಗೆ ಅದರ ಪ್ರತಿಯೊಂದು ಪದವನ್ನೂ ನಂಬಿದೆ. ಟೆಲಿಫೋನು ಬಡಿದುಕೊಂಡರೆ ಎದ್ದು ನಿಲ್ಲುತ್ತಿದ್ದೆ. ಬಡಿದುಕೊಳ್ಳದಿದ್ದರೆ ರಿಸೀವರು ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದೆ. ಒಂದು ಲೋಟ ನೀರು ಕುಡಿಯಲು ಅಡುಗೆಮನೆಗೆ ಹೋಗಿ, ನಲ್ಲಿಯನ್ನು ಹೊಳೆಯುವ ಹಾಗೆ ಬಟ್ಟೆಯಿಂದ ಒರೆಸಿ, ನೀರು ಕುಡಿಯದೆ ಬಂದು, ಮತ್ತೆ ಹೋಗುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಕಚೇರಿಯವರು ಫೋನು ಮಾಡಿ, ಮಗುವನ್ನು ವೈದ್ಯರಿಗೆ ತೋರಿಸಿ, ಮಂಗಳವಾರ ಹತ್ತು ಗಂಟೆಗೆ ಬನ್ನಿ ಎಂದರು. ದನಿ ಮೆತ್ತಗಿತ್ತು. ಮೆತ್ತಗಿದ್ದದ್ದಕ್ಕೆ ಇನ್ನಷ್ಟು ಹೆದರಿದೆ.

ಅವತ್ತೇ ಸಿಕ್ಕ ವೈದ್ಯೆ ಎಳೆಯ ಹೆಂಗಸು. ಇಂಚರಳನ್ನು ಎತ್ತರದ ಮೇಜಿನ ಮೇಲೆ ನಿಲ್ಲಿಸಿ, ಹತ್ತಿಯನ್ನು ಯಾವುದೋ ದ್ರವದಲ್ಲಿ ಅದ್ದಿ ಸೊಂಟದ ಮೇಲೆ ಎಳೆದರು. ಹತ್ತಿ ಕಪ್ಪಾಯಿತು. "ನೋಡಿ, ಬಂತು!" ಎಂದೆ ನಾನು, ಮ್ಯಾಜಿಕ್ ತೋರಿಸುವವನ ಸಹಾಯಕನ ಹಾಗೆ. ಅವರು ಹೂಂಗುಟ್ಟಿ ಮತ್ತೊಂದು ಹತ್ತಿಯಿಂದ ಒರೆಸಿದರು. ಕಪ್ಪೆಲ್ಲ ಹೋಯಿತು. ಅದರ ಕೆಳಗೆ ಕೊಂಡಿಗಳ ಅಚ್ಚು, ಒಂದರ ಪಕ್ಕ ಒಂದು, ಕೆಂಪಗೆ, ಎಣಿಸಬಹುದಾದ ಹಾಗೆ ಉಳಿಯಿತು. ಎರಡು ಕಡೆ ಉಗುರಿನಿಂದ ಕೆರೆದ ಗಾಯ. ವೈದ್ಯೆ ಬರೆದುಕೊಂಡರು. 

ವಿಷಯ ತಿಳಿದು ಅಮ್ಮ ಫೋನಿನಲ್ಲೇ ಸಿಡಿದರು. "ಆ ಉಡಿದಾರಕ್ಕೆ ವಿಭೂತಿ ಹಾಕಿ ಫಳಫಳ ಅನ್ನೋ ಹಂಗೆ ಉಜ್ಜಿ ತಗೊಂಡೋಗಿ ತೋರಿಸೋ. ಬೆಳ್ಳಿ ಕಂಡಿಲ್ವಾ ಅವರು? ಸರಪಳಿ ಅಂತೆ ಸರಪಳಿ!"

ಅಮ್ಮನ ಮಾತು ಸರಿಯೆನಿಸಿತು. ಕಪ್ಪಾದ ಲೋಹ ಸರಪಳಿಯ ಹಾಗೆ ಕಾಣುತ್ತದೆ; ಬೆಳ್ಳಗೆ ಹೊಳೆದರೆ ಒಡವೆ. ವಿಭೂತಿ ಉಂಡೆಯನ್ನು ಪುಡಿ ಮಾಡಿದೆ, ಹಳೆಯ ಪಂಚೆಯ ತುಂಡನ್ನು ಹರಿದೆ, ಉಡಿದಾರವನ್ನು ಎಡಗೈಗೆ ಸುತ್ತಿಕೊಂಡೆ. ಉಜ್ಜಲು ಕೈ ಬರಲಿಲ್ಲ. ಫೋನು ಕೆಟ್ಟ ಮೇಲೆ ಅದನ್ನು ರಿಪೇರಿ ಮಾಡಿ, ಆಮೇಲೆ ವರದಿ ಬರೆಯುವ ಪರೀಕ್ಷಕನನ್ನು ನಾನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಇದು ಫೋನಲ್ಲವಲ್ಲ. ಪುಡಿಯನ್ನು ಕಾಗದದಲ್ಲಿ ಕಟ್ಟಿಟ್ಟೆ. ಬಿಚ್ಚಿದೆ. ಮತ್ತೆ ಕಟ್ಟಿಟ್ಟೆ. ಸುಮ ನೋಡುತ್ತಲೇ ಇದ್ದು, "ಏನಾದ್ರೂ ಒಂದ್ ಮಾಡಿ. ನಿಮ್ಮನ್ನ ನೋಡ್ತಾ ನೋಡ್ತಾ ನನಗೇ ತಲೆ ತಿರುಗ್ತಿದೆ" ಎಂದಳು.

ಶನಿವಾರ ಸೈಕಲ್ ಹತ್ತಿ ಹಳೆಯ ಚರ್ಚಿನ ಹಿಂದಿನ ಓಣಿಗೆ ಹೋದೆ. ಅಲ್ಲಿ ಬೆಳ್ಳಿ ಕೆಲಸ ಮಾಡುವ ಒಬ್ಬ ಮುದುಕರ ಅಂಗಡಿಯಿತ್ತು. ಗೋಡೆಯ ಮೇಲೆ ಬೀಗದ ಕೈ ಗೊಂಚಲಿನ ಹಾಗೆ ಅಳತೆಯುಂಗುರಗಳ ಗೊಂಚಲು. ನನ್ನ ಬೆರಳಿನ ಉಂಗುರಕ್ಕೆ ಸುತ್ತಿದ ದಾರ ಅವರ ಕಣ್ಣಿಗೆ ಮೊದಲು ಬಿತ್ತು. "ಬೇಸಿಗೆಯಲ್ಲಿ ಅಳೆದದ್ದು" ಎಂದರು, ವೈದ್ಯರು ರೋಗ ಹೇಳುವ ಹಾಗೆ. ಆಮೇಲೆ ಉಡಿದಾರವನ್ನು ಬೆಳಕಿಗೆ ಹಿಡಿದು, ಮೂಸಿ, ಬೆರಳ ನಡುವೆ ಉಜ್ಜಿ ನೋಡಿದರು.

"ಮಗುವಿಗೆ ಪೌಡರ್ ಹಾಕುತ್ತೀರಾ?"

 ಹೌದೆಂದೆ. ಒಳಗಿನಿಂದ ಒಂದು ಪೌಡರ್ ಡಬ್ಬಿ ತಂದು ತಮ್ಮ ಮಣಿಕಟ್ಟಿನ ಮೇಲೆ ಚಿಮುಕಿಸಿ, ಅದರ ಮೇಲೆ ಬೆಳ್ಳಿಯ ಚಮಚವೊಂದನ್ನು ನಾಲ್ಕು ಸಲ ಉಜ್ಜಿದರು. ಬಿಳಿಯ ಪೌಡರಿನ ನಡುವೆ ಸೀಸದ ಕಡ್ಡಿಯಿಂದ ಎಳೆದ ಹಾಗೆ ಕಪ್ಪು ಗೆರೆ ಎದ್ದಿತು.

"ಬೆಳ್ಳಿ ಮೆದು. ಪುಡಿಯಲ್ಲಿ ಏನೇನೋ ಗಟ್ಟಿ ಕಣಗಳಿರುತ್ತವೆ. ಅದು ಬೆಳ್ಳಿಯನ್ನು ತಿನ್ನುತ್ತದೆ. ಉದುರಿದ ಬೆಳ್ಳಿ ಮೈಮೇಲೆ ಕಪ್ಪಾಗಿ ಕೂರುತ್ತದೆ. ಪುಡಿ, ಬೆವರು, ಸೋಪು ಯಾವುದೂ ಬೆಳ್ಳಿಗೆ ಆಗುವುದಿಲ್ಲ. ಸ್ನಾನಕ್ಕೆ ಮೊದಲು ತೆಗೆಯಬೇಕು, ಒಣಗಿದ ಮೈಗೆ ತೊಡಬೇಕು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿಡಬೇಕು. ಅಷ್ಟೇ."

"ಹಾಗಾದರೆ ಅದು ಬರೀ ಪೌಡರಿನ ಬಣ್ಣ!" ಎಂದೆ. ನನ್ನ ದನಿ ಅಂಗಡಿಗೆ ದೊಡ್ಡದಾಯಿತು.

ಮುದುಕರು ಉಡಿದಾರದ ಎರಡು ತುದಿಗಳನ್ನು ಸೇರಿಸಿ ಹಿಡಿದು, ಅದು ಸುತ್ತಿದ ಸೊಂಟ ಎಷ್ಟಿರಬಹುದೆಂದು ನೋಡುವವರ ಹಾಗೆ ನೋಡಿದರು. "ಕಪ್ಪಿಗೆ ಪೌಡರ್ ಕಾರಣ. ಕೆಂಪು ಇದ್ದಿದ್ದರೆ ಅದಕ್ಕೆ ಪೌಡರ್ ಕಾರಣವಲ್ಲ" ಎಂದರು. ಕೆಂಪಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಇಪ್ಪತ್ತು ನಿಮಿಷ ಮೊದಲೇ ನಾನೂ ಸುಮಳೂ ಕಚೇರಿಯ ಹೊರಗಿನ ಬೆಂಚಿನಲ್ಲಿದ್ದೆವು. ಮಗುವನ್ನು ಮಹಡಿಯ ಮೇಲಿನ ಮನೆಯವರ ಬಳಿ ಬಿಟ್ಟಿದ್ದೆವು. ನನ್ನ ಕೈಯಲ್ಲಿ ಒಂದು ಫೈಲು: ಅಳತೆಯ ದಾಖಲೆ, ಉಡಿದಾರವೆಂದರೇನು ಎಂಬ ಒಂದು ಪುಟದ ಟಿಪ್ಪಣಿ, ಪೌಡರಿನ ಪ್ರಯೋಗವನ್ನು ನನ್ನ ಕೈಮೇಲೆ ಮಾಡಿ ತೆಗೆದ ನಾಲ್ಕು ಫೋಟೋ. ಲಕೋಟೆಯಲ್ಲಿ ಉಡಿದಾರ, ಕಪ್ಪಾಗಿದ್ದಂತೆಯೇ. ಒಳಗೆ ಕರೆದವರ ಹೆಸರು ಕಾರಿನ್. ನನ್ನ ವಯಸ್ಸಿನವರೇ. ಮೇಜಿನ ಮೇಲೆ ಮಕ್ಕಳ ಆಟಿಕೆಗಳ ಬುಟ್ಟಿ, ಮೂಗೊರೆಸುವ ಕಾಗದದ ಡಬ್ಬಿ. ನಾನು ಹದಿನೈದು ನಿಮಿಷ ಚೆನ್ನಾಗಿ ಮಾತನಾಡಿದೆ. ಫೋಟೋಗಳನ್ನು ಸಾಲಾಗಿ ಜೋಡಿಸಿದೆ. ಕಾರಿನ್ ಎಲ್ಲವನ್ನೂ ನೋಡಿ, ತಲೆಯಾಡಿಸಿ, ಬಿರ್ಗಿತ್ತಾ ಬರೆದಿದ್ದ ಹಾಳೆಯನ್ನು ಎತ್ತಿಕೊಂಡರು.

"ಬಟ್ಟೆ ಬದಲಿಸುವಾಗ ಮಗು ಸರಪಳಿ ಮುಟ್ಟಿಕೊಂಡು ಎರಡು ಸಲ ಏನೋ ಹೇಳಿದಳು ಎಂದು ಬರೆದಿದ್ದಾರೆ." ಅವರು ಸ್ವೀಡಿಷ್‌ನಲ್ಲಿ ಓದಿದರು. "ದೆ ಕ್ಲೀಯಾರ್."

ನನಗೆ ನಿರಾಳವಾಯಿತು. ಇದು ನನಗೆ ಗೊತ್ತಿತ್ತು! "ಅದು ಇಂಗ್ಲಿಷ್. ಕ್ಲಿಯರ್. ನಾನೇ ಹೇಳಿಕೊಟ್ಟದ್ದು" ಎಂದೆ. ಸ್ನಾನದ ನಂತರ ಇಂಚರ ಸೊಂಟ ಮುಟ್ಟಿಕೊಂಡು "ಕ್ಲೀಯಾರ್ ಪಪ್ಪ, ಕ್ಲೀಯಾರ್" ಎನ್ನುವುದು, ನಾನು "ಆಲ್ ಕ್ಲಿಯರ್!" ಎಂದು ಕೂಗಿ ಅವಳನ್ನು ಮೇಲಕ್ಕೆ ಎತ್ತುವುದು, ಇದು ನಮ್ಮಿಬ್ಬರ ದಿನದ ಆಟ ಎಂದು ವಿವರಿಸಿದೆ. ಎತ್ತುವುದು ಹೇಗೆಂದು ಕೈಯಲ್ಲಿ ತೋರಿಸಿದೆ ಕೂಡ.

ಕಾರಿನ್ ಹಾಳೆಯನ್ನು ಕೆಳಗಿಟ್ಟರು.

"ಅದು ಸ್ವೀಡಿಷ್. ತುರಿಸುತ್ತಿದೆ ಎಂದು ಅರ್ಥ."

ಸುಮಳ ಕೈ ಅವಳ ಬಾಯಿಯ ಮೇಲೆ ಹೋಯಿತು. ನನ್ನ ಕೈ ಇನ್ನೂ ಗಾಳಿಯಲ್ಲಿ ಮಗುವನ್ನು ಎತ್ತಿದ ಹಾಗೆಯೇ ಇತ್ತು. ಅದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

"ಎಷ್ಟು ದಿನ ಹೇಳಿದಳು?" ಕಾರಿನ್ ಕೇಳಿದರು. ದನಿಯಲ್ಲಿ ಏನೂ ಇರಲಿಲ್ಲ, ಕೇಳಬೇಕಾದದ್ದನ್ನು ಕೇಳಿದರು.

"ಎಂಟು ದಿನ. ಒಂಬತ್ತೂ ಇರಬಹುದು. ಅದನ್ನು ನಾನು ಬರೆದಿಟ್ಟಿಲ್ಲ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಅವಳು ಹೇಳಿದಾಗಲೆಲ್ಲ ಅಲ್ಲಿ ಇನ್ನಷ್ಟು ಪೌಡರ್ ಹಾಕುತ್ತಿದ್ದೆ. ಅದು ಬಿಗಿಯಾಗಿತ್ತು. ಎರಡು ಬೆರಳು ಸಡಿಲ ಬಿಡಿಸಬೇಕು ಎಂದು ನನ್ನ ತಾಯಿ ಹೇಳಿದ್ದರು, ನಾನು ಬೇಡ ಎಂದೆ. ಬಿಚ್ಚದಂತೆ ಮುಚ್ಚಿದವನೂ ನಾನೇ. ಗೆರೆಯನ್ನು ದಿನವೂ ನೋಡಿದ್ದೇನೆ."

ನನ್ನ ಫೋಟೋಗಳನ್ನು ನಾನೇ ಒಂದರ ಮೇಲೆ ಒಂದು ಇಟ್ಟು ಮಗುಚಿದೆ. ಕಾಗದದ ಡಬ್ಬಿಯನ್ನು ಕಾರಿನ್ ನಮ್ಮ ಕಡೆ ತಳ್ಳಿದರು. ಸುಮ ಒಂದು ಕಾಗದ ತೆಗೆದುಕೊಂಡು ನನಗೂ ಒಂದು ಕೊಟ್ಟಳು. ಆಮೇಲೆ ಕಾರಿನ್ ಹೊರಗೆ ಹೋಗಿ ಯಾರೊಡನೆಯೋ ಮಾತನಾಡಿ ಬಂದರು. ಎಷ್ಟು ಹೊತ್ತೆಂದು ನನಗೆ ಗೊತ್ತಿಲ್ಲ. ಗಡಿಯಾರ ಎದುರಿಗೇ ಇತ್ತು. ನಾನು ಗಡಿಯಾರ ನೋಡದ ದಿನ ಅದೊಂದೇ ಇರಬೇಕು. ತನಿಖೆ ತೆರೆಯುವುದಿಲ್ಲ, ವೈದ್ಯರ ಟಿಪ್ಪಣಿ ಬಂದಿದೆ, ತೀರ್ಮಾನದ ಪತ್ರ ಮನೆಗೆ ಬರುತ್ತದೆ ಎಂದರು. ಬಾಗಿಲವರೆಗೆ ಬಂದು, "ನಮ್ಮ ಭಾಷೆ ಕಲಿಯಿರಿ. ಕಚೇರಿಗಾಗಿ ಬೇಡ" ಎಂದರು. ಯಾರಿಗಾಗಿ ಎಂದು ಹೇಳಲಿಲ್ಲ.

ದಾರಿಯಲ್ಲಿ ಸುಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೇತುವೆಯ ಹತ್ತಿರ ಮಾತ್ರ, "ನನಗೂ ಒಂದ್ಸಲ ಹೇಳಿದ್ಲು ರೀ. ನಾನು ಫೋನಲ್ಲಿದ್ದೆ" ಎಂದಳು.

ಇನ್ನು ಉಳಿದದ್ದು ಡಾಗಿಸ್. "ಬೇರೆ ಕಡೆ ಸೇರಿಸೋಣ. ಆ ಬಿರ್ಗಿತ್ತಾ ಮುಖ ನೋಡೋಕೆ ನನ್ನಿಂದ ಆಗಲ್ಲ" ಎಂದಳು ಸುಮ. ಬಿರ್ಗಿತ್ತಾ ಮೇಲೆ ಸಿಟ್ಟೇ ಎಂದು ಕೇಳಿದೆ. "ಸಿಟ್ಟಿಲ್ಲ, ಅದಕ್ಕೇ ಮುಖ ನೋಡೋಕಾಗಲ್ಲ" ಎಂದಳು. ಬೇರೆ ಡಾಗಿಸಿನ ಸರತಿಗೆ ಹೆಸರು ಬರೆಸುವ ಕಾಗದವನ್ನೂ ತಂದದ್ದಾಯಿತು. ಬುಧವಾರವೆಲ್ಲ ಅದು ಊಟದ ಮೇಜಿನ ಮೇಲೆ ಬಿದ್ದಿತ್ತು. ಗುರುವಾರ ಬೆಳಿಗ್ಗೆ ಇಂಚರ ತನ್ನ ಬೂಟನ್ನು ತಾನೇ ಎಡಬಲ ಅದಲುಬದಲಾಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಬಿರ್ಗಿತ್ತಾ ಹೆಸರು ಹೇಳಿ ಕೂಗತೊಡಗಿದಳು. ಸುಮ ಬೂಟು ಬದಲಿಸಿ ಹಾಕಿ, "ಕರ್ಕೊಂಡ್ ಹೋಗಿ" ಎಂದಳು.

ಕೋಟುಗಳ ಪಕ್ಕದಲ್ಲಿ ಬಿರ್ಗಿತ್ತಾ ಇದ್ದರು. ಮಗು ಅವರ ಕಾಲಿಗೆ ತಗುಲಿಕೊಂಡು, ನಂತರ ಬಿಟ್ಟು ಒಳಗೆ ಓಡಿತು. ನಾವಿಬ್ಬರೂ ಕೋಟುಗಳ ಕೆಳಗಿನ ಪುಟ್ಟ ಬೂಟುಗಳನ್ನು ನೋಡುತ್ತ ನಿಂತೆವು.

"ನಿಮಗೆ ಕೋಪವಿರಬಹುದು" ಎಂದರು. "ಫೋನು ಮಾಡುವ ಮೊದಲು ನಾನು ಈ ಪಕ್ಕದ ಕೋಣೆಯಲ್ಲಿ ಕೂತಿದ್ದೆ, ತುಂಬ ಹೊತ್ತು. ಇನ್ನೊಂದು ಸಲ ಕಂಡರೆ ಇನ್ನೊಂದು ಸಲ ಮಾಡುತ್ತೇನೆ."

ಹೇಳಬೇಕಾದದ್ದನ್ನು ಸ್ವೀಡಿಷ್‌ನಲ್ಲಿ ಕಲಿತು ಹೋಗಿದ್ದೆ. ಸೈಕಲ್ ಮೇಲೆ ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಅವರ ಮುಂದೆ ನಿಂತಾಗ ಮೊದಲ ಪದವೇ ಬರಲಿಲ್ಲ. "ನೀವು ಒಂದೇ ಸಲ ನೋಡಿದಿರಿ" ಎಂದೆ ಇಂಗ್ಲಿಷಿನಲ್ಲಿ. "ನಾನು ಮೂರು ವಾರ ನೋಡಿದೆ." ಅವರಿಗೆ ಏನು ಅರ್ಥವಾಯಿತೋ, ನನ್ನ ತೋಳನ್ನು ಒಮ್ಮೆ ಹಿಡಿದು ಬಿಟ್ಟು, ಬಂದ ಮಕ್ಕಳ ಹೆಸರಿನ ಹಾಳೆಯಲ್ಲಿ ಇಂಚರಳ ಮುಂದೆ ಗುರುತು ಹಾಕಿ ಒಳಗೆ ಹೋದರು.

ಆ ಡಾಗಿಸಿನಲ್ಲಿ ಮಕ್ಕಳ ಎತ್ತರಕ್ಕೆ ಒಂದು ಕಿಟಕಿಯಿದೆ. ಬಿಟ್ಟು ಹೋಗುವ ಅಪ್ಪ ಅಮ್ಮಂದಿರಿಗೆ ಮಕ್ಕಳು ಅಲ್ಲಿ ನಿಂತು ಕೈ ಬೀಸುತ್ತಾರೆ. ನಾನು ಹೊರಗೆ ಬಂದು ಸೈಕಲ್ ಹಿಡಿದು ನಿಂತೆ. ಇಂಚರ ಕಿಟಕಿಗೆ ಬಂದಳು. ಕೈ ಬೀಸಲಿಲ್ಲ. ಒಂದು ವಾರದಿಂದ ಎಲ್ಲ ದೊಡ್ಡವರೂ ಅವಳನ್ನು ಕಂಡೊಡನೆ ಕೇಳಿದ್ದು ಹೊಟ್ಟೆ ತೋರಿಸು ಎಂಬ ಒಂದನ್ನೇ ಅಲ್ಲವೇ? ಅದೇ ನಮಸ್ಕಾರದ ರೀತಿ ಎಂದುಕೊಂಡಿದ್ದಳೋ ಏನೋ, ಎರಡೂ ಕೈಯಲ್ಲಿ ಸ್ವೆಟರ್ ಎತ್ತಿ ಗಾಜಿಗೆ ಹೊಟ್ಟೆ ಆನಿಸಿ ನಿಂತಳು. ಬಾಯಿ ಏನೋ ಹೇಳುತ್ತಿತ್ತು. ದಪ್ಪ ಗಾಜಿನ ಆಚೆಯಿಂದ ದನಿ ಬರಲಿಲ್ಲ. ಕನ್ನಡವೋ ಸ್ವೀಡಿಷೋ ತಿಳಿಯಲಿಲ್ಲ.

ಆಫೀಸಿಗೆ ಹೊತ್ತಾಗಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಿಮ ತುಳಿದುಕೊಂಡು ಕಿಟಕಿಯ ಹತ್ತಿರ ಹೋಗಿ, ಮಂಡಿಯೂರಿ ನೋಡಿದೆ.